ಪಿಎಂ ಶ್ರೀ ದುಡ್ಡು ನಮ್ಮೂರ ಶಾಲೆಗೂ ಸಿಗುತ್ತದಾ?

ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. 68 ಮಕ್ಕಳಿದ್ದಾರೆ. ಬಿಸಿಯೂಟದ ಕೋಣೆಯ ಹೆಂಚು ಒಡೆದು ಮಳೆನೀರು ಅಕ್ಕಿಮೂಟೆ ಮೇಲೇ ಸೋರುತ್ತಿದೆ. ಆಯ್ದ ಸರ್ಕಾರಿ ಶಾಲೆಗಳನ್ನು ಮಾದರಿ ಶಾಲೆ ಮಾಡುವ ಕೇಂದ್ರದ ಪಿಎಂ ಶ್ರೀ ಯೋಜನೆಗೆ ಅರ್ಜಿ ಹಾಕಿದರೆ ಸಾಕಾ?

ಉತ್ತರ 1: ಹಾಕಿದವರಿಗೆಲ್ಲ ಸಿಗುವುದಿಲ್ಲ ಸರ್. ಒಂದು ಬ್ಲಾಕ್‌ಗೆ ಹೆಚ್ಚೆಂದರೆ ಎರಡು ಶಾಲೆ, ಅದೂ ಗಟ್ಟಿ ಕಟ್ಟಡ, ರ‍್ಯಾಂಪ್, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಮೊದಲೇ ಇದ್ದರೆ ಮಾತ್ರ ಪೈಪೋಟಿಗೆ ಇಳಿಯಬಹುದು. ಇದ್ದವರಿಗೇ ಇನ್ನಷ್ಟು, ಅಲ್ವಾ!

ಉತ್ತರ 2: ಸುಮ್ನೆ ಅದರ ಹಿಂದೆ ಬೀಳಬೇಡಿ. ಸರ್ಕಾರಿ ಶಾಲೆಗಳಿಗೆ ನೆರವು ಕೊಡುವ ‘ಸಮಗ್ರ ಶಿಕ್ಷಣ’ ಯೋಜನೆಯ ಶಾಲಾ ಅನುದಾನ ಕೇಳಿ. 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿವರೆಗೆ ಇದೆ. ಶೇ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು, ಉಳಿದದ್ದರಲ್ಲಿ ಸಣ್ಣಪುಟ್ಟ ರಿಪೇರಿ ಮಾಡಿಸಬಹುದು.

ಪ್ರಶ್ನೆ ಕೇಳಿದವರು: ಹೆಡ್‌ಮಾಸ್ಟರ್ ಹತ್ತಿರ ನಾಳೆಯೇ ಕೇಳುತ್ತೇನೆ.

ಉತ್ತರ 2: ಹೋದ ವರ್ಷದ ಖರ್ಚಿನ ರಸೀದಿಗಳನ್ನೂ ಕೇಳಿ.