ಕುದುರೆ ಸವಾರಿ ಅಂಗಳಕ್ಕೆ ನೀವೇನು ಹಾಸಿದ್ದೀರಿ?

ದೊಡ್ಡಬಳ್ಳಾಪುರದ ಹತ್ತಿರ ನಮ್ಮ ತೋಟ, ಎರಡು ಕುದುರೆ. 20 × 40 ಮೀಟರ್ ಅಂಗಳ ನಾವೇ ಮಾಡಿಕೊಳ್ಳೋಣ ಅಂತಿದ್ದೇವೆ. ಈಗಿರುವುದು ಬರೀ ಕೆಂಪು ಮಣ್ಣು. ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ, ಮಳೆ ಬಂದರೆ ಸೋಪು ಸವರಿದ ಹಾಗೆ ಜಾರುತ್ತದೆ. ಮೇಲೆ ನಾಲ್ಕು ಲೋಡು ಮರಳು ಸುರಿದರೆ ಸಾಕಾ? ಮಾಡಿ ನೋಡಿದವರು ಹೇಳಿ.

ಮಾಗಡಿ ಕಡೆಯಿಂದ:
ದಯವಿಟ್ಟು ಸುರಿಯಬೇಡಿ. ನಾವು ಅದನ್ನೇ ಮಾಡಿ ಕೆಟ್ಟೆವು. ಮೊದಲ ಮಳೆಗಾಲಕ್ಕೇ ಮರಳೆಲ್ಲ ಜೇಡಿಯ ಜೊತೆ ಕಲಸಿಕೊಂಡು ಕೆಸರುಗದ್ದೆ ಆಯಿತು. ಮಧ್ಯೆ ಯಾರೋ ಹೇಳಿದರು ಅಂತ ಟಾರ್ಪಾಲು ಬೇರೆ ಹಾಸಿದ್ದೆವು. ನೀರು ಇಂಗದೆ ಸಣ್ಣ ಕೆರೆ! ಬಾತುಕೋಳಿ ಸಾಕಬಹುದಿತ್ತು.

ಎರಡನೇ ಸಲ ಜೆಸಿಬಿ ಕರೆಸಿ ಮೇಲ್ಮಣ್ಣು ತೆಗೆದೆವು. 20 ಮೀಟರ್ ಅಗಲಕ್ಕೆ ಒಂದಡಿ ಇಳಿಜಾರು ಕೊಟ್ಟು ರೋಲರ್ ಹೊಡೆಸಿದೆವು. ಸುತ್ತ ಚರಂಡಿ, ಅದರಲ್ಲಿ ತೂತಿನ ಪೈಪು. ಆಮೇಲೆ ಆರು ಇಂಚು 40 ಎಂಎಂ ಜಲ್ಲಿ. ಅದರ ಮೇಲೆ ನೀರು ಇಳಿಯುವಂಥ ಜಿಯೋಟೆಕ್ಸ್‌ಟೈಲ್ ಬಟ್ಟೆ. ಈ ಬಟ್ಟೆಗೆ ಜಿಪುಣತನ ಮಾಡಬೇಡಿ, ಇಲ್ಲದಿದ್ದರೆ ಜಲ್ಲಿ ಮೇಲೆದ್ದು ಗೊರಸಿಗೆ ಚುಚ್ಚುತ್ತದೆ. ಕೊನೆಗೆ ಮರಳು. ನಿಮ್ಮ ಅಳತೆಗೆ ಎರಡು ಇಂಚು ಅಂದರೆ ಸುಮಾರು 1,400 ಘನ ಅಡಿ ಬೇಕು. ಖರ್ಚಿನಲ್ಲಿ ಮುಕ್ಕಾಲು ಪಾಲು ಕಣ್ಣಿಗೆ ಕಾಣದ ಕೆಲಸಕ್ಕೇ ಹೋಯಿತು. ಮನೆಯಲ್ಲಿ ಇನ್ನೂ ಬೈಯುತ್ತಾರೆ.

ಧಾರವಾಡದಿಂದ:
ನಿಮ್ಮ ಕೆಂಪು ಮಣ್ಣೇ ವಾಸಿ ಬಿಡಿ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರುಕು. ಒಂದೂವರೆ ಅಡಿ ಅಗೆದು ತೆಗೆದು ಗರಸು, ಅಂದರೆ ಹರಳು ಮಿಶ್ರಿತ ಮಣ್ಣು, ತುಂಬಿಸಿದೆವು, ಪದರ ಪದರವಾಗಿ ನೀರು ಹೊಡೆದು ರೋಲರ್ ಹಾಕಿ. ಒಂದೇ ಸಲ ತುಂಬಿದ ಮೂಲೆ ಮಾತ್ರ ಈಗಲೂ ಕುಸಿಯುತ್ತದೆ.

ಮರಳಿನ ವಿಷಯ: ಹೊಳೆ ಮರಳಿನ ಕಾಳು ದುಂಡಗೆ, ಕಾಲಡಿ ಗೋಲಿಯ ಹಾಗೆ ಉರುಳುತ್ತದೆ. ಎಂ-ಸ್ಯಾಂಡ್ ಅಂದರೆ ಕಲ್ಲು ಪುಡಿ ಮಾಡಿದ ಮರಳು, ಅದರ ಕಾಳಿಗೆ ಮೂಲೆ ಇರುತ್ತದೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ತೊಳೆದದ್ದನ್ನೇ ಕೇಳಿ. ಗಾರೆಗೆ ಹಾಕುವ ನಯವಾದ ಮರಳು ಬೇಡವೇ ಬೇಡ, ಒಣಗಿದರೆ ಬರೀ ಧೂಳು.

ತಿಪಟೂರಿನಿಂದ:
ನಮ್ಮೂರಲ್ಲಿ ತೆಂಗಿನ ನಾರಿಗೆ ಬರವೇ? ಮರಳಿಗೆ ಸ್ವಲ್ಪ ಬೆರೆಸಿದೆ. ತೇವ ಹಿಡಿಯುತ್ತದೆ, ಧೂಳು ಕಮ್ಮಿ. ಆದರೆ ಚಿಕ್ಕದಾಗಿ ಕತ್ತರಿಸಿ ಹಾಕಿ. ನಾನು ಉದ್ದನೆಯದು ಹಾಕಿ ಉಂಡೆ ಉಂಡೆಯಾಯಿತು. ನಾರಿನ ಪುಡಿ ಹಾಕಬೇಡಿ, ಮಳೆಗಾಲದಲ್ಲಿ ಸ್ಪಂಜಿನ ಹಾಗೆ ಆಗುತ್ತದೆ. ನಾರು ಕೊಳೆಯುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ, ಆಗಾಗ ಹೊಸದು ಸೇರಿಸಬೇಕು.

ಮೈಸೂರಿನಿಂದ:
ನಾನು ಅಂಗಳ ಕಟ್ಟಿದವನಲ್ಲ, ಕುದುರೆ ನೋಡಿಕೊಳ್ಳುವವನು. ಮರಳು ಜಾಸ್ತಿ ಇದ್ದರೆ ಮೆತ್ತಗೆ, ಒಳ್ಳೆಯದು ಅಂದುಕೊಳ್ಳುತ್ತಾರೆ. ಅಲ್ಲ. ಆಳದ ಮರಳಿನಲ್ಲಿ ಕಾಲಿನ ಸ್ನಾಯುರಜ್ಜುಗೆ ಪೆಟ್ಟು. ಎರಡು ಇಂಚಿನಿಂದ ಶುರು ಮಾಡಿ. ಕಮ್ಮಿಯಾದರೆ ಆಮೇಲೆ ಹಾಕಬಹುದು, ತೆಗೆಯುವುದು ಯಾರಿಗೆ ಬೇಕು? ಅಲ್ಲಿ ಹುಲ್ಲು ಹಾಕಿ ಮೇಯಿಸಬೇಡಿ. ಹುಲ್ಲಿನ ಜೊತೆ ಮರಳು ಹೊಟ್ಟೆಗೆ ಹೋಗಿ ಶೂಲೆ ಬರುತ್ತದೆ.

ಕೇಳಿದವರು:
ಹಾಗಾದರೆ ಮರಳು ಈ ವರ್ಷ ಇಲ್ಲ. ಮಳೆ ಬಂದಾಗ ನೀರು ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ ಗೂಟ ಹೊಡೆಯುತ್ತೇನೆ. ಇನ್ನೊಂದು, ದಿನಾ ಮಟ್ಟ ಮಾಡಲು ಹೊಲದ ಕುಂಟೆ ಆಗುತ್ತದಾ?

ಮಾಗಡಿ ಕಡೆಯಿಂದ:
ಕುಂಟೆ ಬೇಡ, ಅಲಗು ಕೆಳಗಿನ ಬಟ್ಟೆ ಸೀಳಿಬಿಡುತ್ತದೆ. ಹಳೇ ಚೈನ್‌ಲಿಂಕ್ ಬೇಲಿಯ ತುಂಡಿಗೆ ಎರಡು ಟೈರು ಕಟ್ಟಿ ಎಳೆಯಿರಿ. ಅಂಚಿಗೆ ಸರಿದ ಮರಳನ್ನು ಮೊದಲು ಒಳಗೆ ಎಳೆದುಕೊಳ್ಳಿ. ಬೇಸಿಗೆಗೆ ಬೋರ್‌ವೆಲ್ ನೀರು ಎಷ್ಟಿದೆ ನೋಡಿಕೊಳ್ಳಿ. ಐದು ಎಂಎಂ ಚಿಮುಕಿಸಿದರೂ ಒಂದು ಸಲಕ್ಕೆ 4,000 ಲೀಟರ್ ಹೋಗುತ್ತದೆ.