ಸ್ಪಿರ್-ವಿಯಿಂದ ಜಿಎಲ್‌ಎಸ್‌ಎಲ್‌ಗೆ: ಎರಡೂ ಟೆಕ್ಸ್ಚರ್‌ಗಳಲ್ಲಿ ಒಂದೇ ಚಿತ್ರ

ಪಿಕ್ಸೆಲ್‌ಗಾರ:
ವಲ್ಕನ್ ಗ್ರಾಫಿಕ್ಸ್ ವ್ಯವಸ್ಥೆಗೆಂದು ಎಚ್‌ಎಲ್‌ಎಸ್‌ಎಲ್ ಭಾಷೆಯಲ್ಲಿ ಬರೆದ ಶೇಡರ್‌ಗಳನ್ನು (ಗ್ರಾಫಿಕ್ಸ್ ಚಿಪ್ ಮೇಲೆ ಓಡುವ ಪುಟ್ಟ ಪ್ರೋಗ್ರಾಮ್‌ಗಳನ್ನು) ಡಿಎಕ್ಸ್‌ಸಿ ಕಂಪೈಲರ್‌ನಿಂದ ಸ್ಪಿರ್-ವಿ ಎಂಬ ಮಧ್ಯಂತರ ರೂಪಕ್ಕೆ ತಂದು, ಸ್ಪಿರ್-ವಿ ಕ್ರಾಸ್ ಎಂಬ ಪರಿವರ್ತಕದ ಮೂಲಕ ಓಪನ್‌ಜಿಎಲ್ ಇಎಸ್ 3.0ರ ಶೇಡರ್ ಭಾಷೆ ಜಿಎಲ್‌ಎಸ್‌ಎಲ್‌ಗೆ ಇಳಿಸುತ್ತಿದ್ದೇನೆ. ವರ್ಟೆಕ್ಸ್ (ಆಕೃತಿಯ ಬಿಂದುಗಳನ್ನು ನೋಡಿಕೊಳ್ಳುವ) ಮತ್ತು ಫ್ರ್ಯಾಗ್ಮೆಂಟ್ (ಪಿಕ್ಸೆಲ್ ಬಣ್ಣ ನಿರ್ಧರಿಸುವ) ಶೇಡರ್‌ಗಳ ನಡುವಿನ ವೇರಿಯಬಲ್‌ಗಳಿಗೆ ಒಂದೇ ಹೆಸರು ಕೊಟ್ಟ ಮೇಲೆ ಲಿಂಕ್ ಕೂಡ ಆಯಿತು. ಆದರೆ ನಾರ್ಮಲ್ ಮ್ಯಾಪ್ (ಮೇಲ್ಮೈಯ ದಿಕ್ಕುಗಳನ್ನು ಹೇಳುವ ಚಿತ್ರ) ಓದಬೇಕಾದ ಕಡೆಯೂ ಬಣ್ಣದ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಬರುತ್ತಿದೆ, ಬೆಳಕು ಎಲ್ಲೆಲ್ಲೋ ಬೀಳುತ್ತಿದೆ. ಮೂಲದಲ್ಲಿ ಬೈಂಡಿಂಗ್ (ಯಾವ ಚಿತ್ರ ಯಾವ ಜಾಗದ್ದು ಎಂಬ ಸಂಖ್ಯೆ) 0 ಮತ್ತು 1 ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಇದು ಪರಿವರ್ತಕದ ದೋಷವೇ?

ರಾತ್ರಿಪಾಳಿ:
ನಾರ್ಮಲ್ ಮ್ಯಾಪನ್ನು ಎಸ್‌ಆರ್‌ಜಿಬಿ (ಬಣ್ಣದ ಚಿತ್ರಗಳಿಗೆ ಬಳಸುವ) ಸ್ವರೂಪದಲ್ಲಿ ಲೋಡ್ ಮಾಡಿದ್ದೀರಾ? ಹಾಗಿದ್ದರೂ ಬೆಳಕು ಕೆಡುತ್ತದೆ.

ಹಳೆಯ ಕಂಪೈಲರ್:
ಎಸ್‌ಆರ್‌ಜಿಬಿಯಿಂದ ಬೆಳಕು ಕೆಡಬಹುದು, ಒಂದು ಚಿತ್ರದ ಜಾಗದಲ್ಲಿ ಇನ್ನೊಂದು ಬರುವುದಿಲ್ಲ. ಪರಿವರ್ತಕವನ್ನೂ ಬೈಯಬೇಡಿ, ಪಾಪ, ಅದು ಗುರಿಭಾಷೆಯಲ್ಲಿ ಇಲ್ಲದ್ದನ್ನು ಎಲ್ಲಿಂದ ತರಬೇಕು? ಶೇಡರಿನೊಳಗೇ ಬೈಂಡಿಂಗ್ ಸಂಖ್ಯೆ ಬರೆಯುವ ಸೌಲಭ್ಯ ಇಎಸ್‌ಗೆ ಬಂದದ್ದು 3.1ರಲ್ಲಿ. 3.0ಕ್ಕೆ ಇಳಿಸಿದರೆ ನಿಮ್ಮ 0 ಮತ್ತು 1 ಸದ್ದಿಲ್ಲದೆ ಉದುರಿಹೋಗುತ್ತವೆ. ಸ್ಯಾಂಪ್ಲರ್ ಯೂನಿಫಾರ್ಮ್‌ನ, ಅಂದರೆ ಯಾವ ಟೆಕ್ಸ್ಚರ್ ಯೂನಿಟ್ (ಚಿತ್ರ ಕೂರುವ ಜಾಗ) ಓದಬೇಕೆಂದು ಶೇಡರಿಗೆ ಹೊರಗಿನಿಂದ ಹೇಳುವ ವೇರಿಯಬಲ್‌ನ, ಆರಂಭಿಕ ಬೆಲೆ ಸೊನ್ನೆ. ಹಾಗಾಗಿ ಎರಡೂ ಸ್ಯಾಂಪ್ಲರ್‌ಗಳು ಟೆಕ್ಸ್ಚರ್ ಯೂನಿಟ್ 0ನ್ನೇ ಓದುತ್ತಿವೆ.

ಇನ್ನೊಂದು ಗಂಟೂ ಇದೆ. ಸ್ಪಿರ್-ವಿಯಲ್ಲಿ ಚಿತ್ರ ಬೇರೆ, ಸ್ಯಾಂಪ್ಲರ್ (ಚಿತ್ರವನ್ನು ಹೇಗೆ ಓದಬೇಕೆಂಬ ವಿವರ) ಬೇರೆ ಇರಬಹುದು, ಇಎಸ್ 3.0ದಲ್ಲಿ ಅವೆರಡೂ ಸೇರಿದ ಒಂದೇ ವಸ್ತು ಮಾತ್ರ. ಆದ್ದರಿಂದ ಪರಿವರ್ತಕ ಪ್ರತಿ ಜೋಡಿಗೂ ಹೊಸ ವೇರಿಯಬಲ್ ಹುಟ್ಟಿಸುತ್ತದೆ. ಮೂಲದ ಹೆಸರಿನಿಂದ ಅದನ್ನು ಹುಡುಕಿದರೆ ಲೊಕೇಶನ್ (ವೇರಿಯಬಲ್‌ನ ವಿಳಾಸ ಸಂಖ್ಯೆ) ಮೈನಸ್ ಒಂದು, ಅಂದರೆ 'ಸಿಗಲಿಲ್ಲ' ಎಂದು ಬರುತ್ತದೆ, ಮೈನಸ್ ಒಂದಕ್ಕೆ ಬೆಲೆ ಬರೆದರೆ ಜಿಎಲ್ ದೂರು ಕೂಡ ಹೇಳುವುದಿಲ್ಲ. ಕಮಾಂಡ್ ಲೈನ್ ಬಿಟ್ಟು ನಿಮ್ಮ ಕೋಡಿನಿಂದ ಸ್ಪಿರ್-ವಿ ಕ್ರಾಸ್ ಲೈಬ್ರರಿಯನ್ನೇ ಕರೆಯಿರಿ. ಜೋಡಿಗಳನ್ನು ಕಟ್ಟಿಸಿದ ಮೇಲೆ ಅದು ಪ್ರತಿ ಜೋಡಿಗೂ ಮೂರು ಐಡಿ ಕೊಡುತ್ತದೆ: ಜೋಡಿಯದು, ಚಿತ್ರದ್ದು, ಸ್ಯಾಂಪ್ಲರಿನದು. ಚಿತ್ರದ ಐಡಿಯಿಂದ ಡಿಸ್ಕ್ರಿಪ್ಟರ್ ಸೆಟ್ (ವಲ್ಕನ್‌ನಲ್ಲಿ ಬೈಂಡಿಂಗ್‌ಗಳ ಗುಂಪು) ಮತ್ತು ಬೈಂಡಿಂಗ್ ಓದಿ, ಜೋಡಿಗೆ ನೀವೇ ಹೆಸರಿಡಿ, ಈ ಪಟ್ಟಿಯನ್ನು ಶೇಡರಿನ ಪಕ್ಕದಲ್ಲೇ ಉಳಿಸಿಕೊಳ್ಳಿ. ಲಿಂಕ್ ಆದ ನಂತರ ಆ ಹೆಸರಿನಿಂದ ಲೊಕೇಶನ್ ಪಡೆದು ಯೂನಿಟ್ ಸಂಖ್ಯೆ ಬರೆಯಿರಿ. ಜಿಎಲ್‌ನಲ್ಲಿ ಸೆಟ್ ಎಂಬುದೇ ಇಲ್ಲ, ಆದ್ದರಿಂದ ಸೆಟ್ 0ರ ಬೈಂಡಿಂಗ್ 1 ಮತ್ತು ಸೆಟ್ 1ರ ಬೈಂಡಿಂಗ್ 1 ಡಿಕ್ಕಿ ಹೊಡೆಯದಂತೆ ನಿಮ್ಮದೇ ಸಂಖ್ಯೆ ಕೊಡಿ. ಯೂನಿಫಾರ್ಮ್ ಬ್ಲಾಕ್‌ಗಳಿಗೂ (ಒಟ್ಟಿಗೆ ಕಳಿಸುವ ಯೂನಿಫಾರ್ಮ್‌ಗಳ ಗುಂಪುಗಳಿಗೂ) ಇದೇ ಪಾಡು.

ಪಿಕ್ಸೆಲ್‌ಗಾರ:
ಲೊಕೇಶನ್ ಮೈನಸ್ ಒಂದೇ ಬರುತ್ತಿತ್ತು! ಈಗ ನಾರ್ಮಲ್ ಮ್ಯಾಪ್ ಸರಿಯಾಗಿದೆ, ಧನ್ಯವಾದ. ಆದರೆ ದೃಶ್ಯ ತಲೆಕೆಳಗಾಗಿದೆ. ವೈ ಅಕ್ಷ ತಿರುಗಿಸುವ ಆಯ್ಕೆ ಹಾಕಿದರೆ ಮುಖಗಳೇ ಮಾಯ.

ಹಳೆಯ ಕಂಪೈಲರ್:
ವೈ ತಿರುಗಿದಾಗ ತ್ರಿಕೋನಗಳ ಸುತ್ತುವ ದಿಕ್ಕೂ ತಿರುಗುತ್ತದೆ, ಕಲ್ಲಿಂಗ್ (ಹಿಂಬದಿಯ ಮುಖಗಳನ್ನು ಬಿಡಿಸದೆ ಬಿಡುವ ಹಂತ) ಎದುರಿನ ಮುಖಗಳನ್ನು ಹಿಂದಿನವೆಂದು ಎಸೆಯುತ್ತಿದೆ. ಯಾವ ಸುತ್ತಿನ ದಿಕ್ಕು ಎದುರು ಮುಖವೆಂದು ಹೇಳುವ ಫ್ರಂಟ್ ಫೇಸ್ ಆಯ್ಕೆ ಬದಲಾಯಿಸಿ. ಹಾಗೆಯೇ ಕ್ಲಿಪ್‌ಸ್ಪೇಸ್ (ವರ್ಟೆಕ್ಸ್ ಶೇಡರ್ ಕೊಡುವ ಸ್ಥಾನಗಳ ಅಳತೆ) ಸರಿಪಡಿಸುವ ಆಯ್ಕೆಯನ್ನೂ ಹಾಕಿ. ವಲ್ಕನ್‌ನಲ್ಲಿ ಆಳ 0ಯಿಂದ 1, ಇಲ್ಲಿ -1ರಿಂದ 1. ಅದಿಲ್ಲದಿದ್ದರೂ ಚಿತ್ರ ಸರಿಯಾಗಿಯೇ ಕಾಣಬಹುದು, ಆದರೆ ಡೆಪ್ತ್ ಬಫರಿನ (ಪ್ರತಿ ಪಿಕ್ಸೆಲ್‌ನ ಆಳ ಉಳಿಸುವ ಜಾಗದ) ಅರ್ಧ ವ್ಯಾಪ್ತಿ ಸುಮ್ಮನೆ ವ್ಯರ್ಥವಾಗುತ್ತದೆ.