ಮುರುಮ್ ಸಾಕು, ನಾಲಾ ಹುಡುಕೋಣ

ಬಡಾವಣೆ ನಿವಾಸಿಗಳ ಗುಂಪು, ರಿಂಗ್ ರೋಡ್ ಆಚೆ, ಕಲಬುರಗಿ

ಪ್ಲಾಟ್ 31, ಟೀಚರ್ (ಶುಕ್ರವಾರ, ಬೆಳಿಗ್ಗೆ 8:10)
ಎಲ್ಲರಿಗೂ ನಮಸ್ಕಾರ. ರಾತ್ರಿ ಮಳೆಗೆ ಮೂರನೇ ಕ್ರಾಸ್ ಮತ್ತೆ ಕೆರೆಯಾಗಿದೆ. ಸ್ಕೂಲ್ ವ್ಯಾನಿನವರು ಕಿರಾಣಿ ಅಂಗಡಿ ಮೂಲೆಯಿಂದ ಒಳಗೆ ಬರುವುದಿಲ್ಲ ಅಂದುಬಿಟ್ಟರು. ಮಗನನ್ನು ಎತ್ತಿಕೊಂಡು ಹೋಗಿ ಬಿಟ್ಟು ಬಂದೆ. ವಾಪಸ್ ಬರುವಾಗ ಒಂದು ಚಪ್ಪಲಿ ಎರೆಮಣ್ಣಿನಲ್ಲೇ ಉಳಿಯಿತು. ಕೈ ಹಾಕಿ ಎಳೆದರೆ ಬಾರು ಮಾತ್ರ ಬಂತು. ಫೋಟೋ ಹಾಕುತ್ತಿಲ್ಲ. ಹೋದ ವರ್ಷ ಹಾಕಿದ್ದನ್ನೇ ನೋಡಿ, ಏನೂ ಫರಕ್ ಇಲ್ಲ.

ಪ್ಲಾಟ್ 8
ಶುಭ ಮುಂಜಾನೆ. ನಗುನಗುತ್ತಾ ಇರಿ, ದಿನವೆಲ್ಲ ಚೆನ್ನಾಗಿರುತ್ತದೆ.

ಪ್ಲಾಟ್ 31, ಟೀಚರ್
ಮಾಮಾ, ಒಮ್ಮೆ ನಮ್ಮ ಕ್ರಾಸಿಗೆ ಬಂದು ನಗಿ.

ಪ್ಲಾಟ್ 19
ಇದಕ್ಕೆ ಇಷ್ಟು ಮಾತು ಯಾಕ್ರೀ? ಮನೆಗೆ ಸಾವಿರ ರೂಪಾಯಿ ಪಟ್ಟಿ ಹಾಕೋಣ. ನಾಲ್ಕು ಟಿಪ್ಪರ್ ಮುರುಮ್ ತರಿಸೋಣ, ಆ ಗರಸು ಮಣ್ಣು ಹಾಕಿ ರಸ್ತೆ ಎತ್ತರಿಸೋಣ. ಒಂದೇ ದಿನದ ಕೆಲಸ.

ಕಿರಾಣಿ ಅಂಗಡಿ ಕಾಕಾ
ಅಂಗಡಿ ಕಟ್ಟಿದಾಗ ಮುಂದೆ ಮೂರು ಮೆಟ್ಟಿಲು ಇದ್ದವು, ಶಹಾಬಾದ್ ಫರಸಿಯವು. ಈಗ ಒಂದು ಕಾಣುತ್ತದೆ. ಉಳಿದ ಎರಡು ನಿಮ್ಮ ಮುರುಮ್ ಕೆಳಗಿವೆ. ಈ ಸಲ ಹಾಕಿದರೆ ಗಿರಾಕಿಗಳು ಅಂಗಡಿಗೆ ಇಳಿದು ಬರಬೇಕಾಗುತ್ತದೆ.

ಪ್ಲಾಟ್ 27, ಎರಡನೇ ಕ್ರಾಸ್
ಕಾಕಾ ಹೇಳಿದ್ದು ಖರೆ. ಹೋದ ಸಲ ನೀವು ನಿಮ್ಮ ಮನೆ ಮುಂದೆ ಎತ್ತರಿಸಿದಿರಿ, ನೀರು ಸೀದಾ ನಮ್ಮ ಅಡುಗೆಮನೆಗೆ ಬಂತು. ಹಿಟ್ಟಿನ ಡಬ್ಬಿ ತೇಲುತ್ತಿತ್ತು. ಬಾಡಿಗೆಯವರು ಅಂತ ಸುಮ್ನೆ ಇದ್ದೆವು.

ಪ್ಲಾಟ್ 19
ನಾನು ನನ್ನ ಮನೆ ಮುಂದೆ ಹಾಕಿಸಿದ್ದು. ನಿಮ್ಮ ಮನೆ ತಗ್ಗಿನಲ್ಲಿದ್ದರೆ ನಾನೇನು ಮಾಡಲಿ?

ಪ್ಲಾಟ್ 31, ಟೀಚರ್
ಅಣ್ಣಾ, ಜಗಳ ಬೇಡ. ಮುರುಮ್ ಹಾಕಿದಷ್ಟೂ ನೀರು ಜಾಗ ಬದಲಿಸುತ್ತದೆ, ಹೋಗುವುದಿಲ್ಲ. ಮೂರು ವರ್ಷದಿಂದ ನೋಡುತ್ತಿದ್ದೇವಲ್ವಾ? ಗೌಂಡಿ ಅಣ್ಣ ಗುಂಪಿನಲ್ಲಿದ್ದಾರೆ, ಅವರೇನು ಹೇಳುತ್ತಾರೆ ಕೇಳೋಣ.

ಪ್ಲಾಟ್ 12, ಗೌಂಡಿ ಅಣ್ಣ (ಶುಕ್ರವಾರ, ರಾತ್ರಿ 9:15)
ಅಪ್ಪ ಹೇಳುತ್ತಿದ್ದಾರೆ, ನಾನು ಮಗಳು ಟೈಪ್ ಮಾಡುತ್ತಿದ್ದೇನೆ.

ನಾನು ಕೆಲಸಕ್ಕೆ ಅಂತ ಮಂಗಳೂರಿಗೆ ಹೋಗಿ ಆರು ವರ್ಷ ಇದ್ದೆ. ಅದರಲ್ಲಿ ಎರಡು ವರ್ಷ ಬೆಂಗ್ರೆಯಲ್ಲಿ ಒಂದು ಬಾಡಿಗೆ ಖೋಲಿ. ಹಳೆ ಬಂದರಿನ ಎದುರಿಗೆ ಇರುವ ಮರಳಿನ ಪಟ್ಟಿ ಅದು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ಹೊಳೆ. ಪೇಟೆಗೆ ಹೋಗಬೇಕಾದರೆ ದೋಣಿ ಹತ್ತಬೇಕು. ರಸ್ತೆಯಲ್ಲಿ ಹೋದರೆ ತಣ್ಣೀರುಬಾವಿ ಕಡೆಯಿಂದ ದೊಡ್ಡ ಸುತ್ತು. ಮೀನುಗಾರರೇ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಬಂದ್. ಆಗ ಊರೆಲ್ಲ ಮನೆಯಲ್ಲೇ, ಮಳೆಯೂ ಆಗಲೇ.

ಮಳೆ ಅಂದರೆ ಅಲ್ಲಿಯದು. ವರ್ಷಕ್ಕೆ 3,500 ಮಿ.ಮೀ. ಹತ್ತಿರ. ನಮ್ಮ ಕಲಬುರಗಿಗೆ ಬೀಳುವುದು 700–800. ಆದರೂ ಮಳೆ ನಿಂತ ಅರ್ಧ ಗಂಟೆಗೆ ನಮ್ಮ ಖೋಲಿ ಮುಂದೆ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಮರಳು ನೀರನ್ನು ಕುಡಿದುಬಿಡುತ್ತದೆ. ಅವರ ಚಿಂತೆ ಬೇರೆ. ಮಳೆಗಾಲದಲ್ಲಿ ಕಡಲು ದಂಡೆಯನ್ನೇ ಕೊರೆಯುತ್ತದೆ.

ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕಿನೊಳಗೆ ಅಂಗೈ ಹೋಗುತ್ತದೆ. ಮೊದಲ ಮಳೆಯನ್ನು ಆ ಬಿರುಕು ಕುಡಿಯುತ್ತದೆ, ನಿಜ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮುಂದೆ ಸುರಿದದ್ದೆಲ್ಲ ಮೇಲೆಯೇ. ತೊಗರಿಗೆ ಒಳ್ಳೆಯದು, ನಮ್ಮ ಕಂಪೌಂಡ್ ಗೋಡೆಗೆ ಶನಿ. ಗೋಡೆ ಸೀಳುವುದೂ ಈ ಉಬ್ಬು-ಕುಗ್ಗಿಗೇ. ಅದಕ್ಕೇ ಪಾಯ ತೆಗೆಯುವಾಗ ಕೆಳಗಿನ ಗಟ್ಟಿ ನೆಲ ಸಿಗುವವರೆಗೆ ಅಗೆಯಿರಿ ಅಂತ ಬಾಯಿ ಬಡಿದುಕೊಳ್ಳುತ್ತೇನೆ. ಯಾರೂ ಕೇಳುವುದಿಲ್ಲ. ಇರಲಿ, ಅದು ಬೇರೆ ಮಾತು.

ಇಲ್ಲಿ ನೀರು ಇಂಗುತ್ತದೆ ಅಂತ ಕಾಯಬೇಡಿ. ಹರಿಯಬೇಕು. ಇಳಿಜಾರು ಯಾವ ಕಡೆಗಿದೆ, ನೀರಿಗೆ ಹೋಗಲು ಬಾಯಿ ಎಲ್ಲಿದೆ, ಮೊದಲು ಅದನ್ನು ನೋಡೋಣ. ಭಾನುವಾರ ಬೆಳಿಗ್ಗೆ 7ಕ್ಕೆ ಲೆವೆಲ್ ಪೈಪ್ ತರುತ್ತೇನೆ. ಇಬ್ಬರು ಬನ್ನಿ ಸಾಕು.

ಪ್ಲಾಟ್ 4, ಸರ್ವೆ ಕಾಕಾ
ಗೌಂಡಿಯವರು ಸರಿಯಾಗಿ ಹೇಳಿದರು. ನಾನು ಸರ್ವೆ ಕೆಲಸದಲ್ಲಿದ್ದವನು, ಎರಡು ಮಾತು ಸೇರಿಸುತ್ತೇನೆ. ಈ ಪ್ಲಾಟ್‌ಗಳೆಲ್ಲ ಮೊದಲು ಹೊಲ. ಹೊಲದ ನೀರು ಎಲ್ಲಿಗೋ ಹೋಗುತ್ತಿತ್ತಲ್ಲ? ಗ್ರಾಮ ನಕ್ಷೆ ತೆಗೆದು ನೋಡಿದೆ. ಮೇನ್ ರೋಡಿನ ಆಚೆ ಒಂದು ನಾಲಾ ಸ್ಪಷ್ಟವಾಗಿ ಇದೆ. ನಾಲಾ, ದಾರಿ, ಕೆರೆ ಇವು ಬಿ ಖರಾಬು, ಅಂದರೆ ಸಾರ್ವಜನಿಕರಿಗೆ ಬಿಟ್ಟ ಜಾಗ. ಯಾರೂ ಮಾರುವಂತಿಲ್ಲ, ಮುಚ್ಚುವಂತಿಲ್ಲ. ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಅಲ್ಲೇ ನಿಂತು ನೋಡಿದರೆ ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ತೋರಿಸುತ್ತದೆ. ಪಕ್ಕಾ ಅಳತೆಗೆ ಮಾತ್ರ ಸರ್ವೆಯೇ ಆಗಬೇಕು, ಆಪ್ ನಂಬಿ ಜಗಳಕ್ಕೆ ಹೋಗಬೇಡಿ.

ಪ್ಲಾಟ್ 8
ಗ್ಯಾಸ್ ಸಿಲಿಂಡರ್ ಗಾಡಿ ಇವತ್ತು ಬರುತ್ತದಾ?

ಪ್ಲಾಟ್ 31, ಟೀಚರ್ (ಭಾನುವಾರ, ಬೆಳಿಗ್ಗೆ 10:30)
ಬಾರದವರಿಗಾಗಿ ಬರೆಯುತ್ತಿದ್ದೇನೆ. ಲೆವೆಲ್ ಪೈಪ್ ಅಂದರೆ ಏನೋ ಅಂದುಕೊಂಡಿದ್ದೆ. ನೀರು ತುಂಬಿದ ಪಾರದರ್ಶಕ ಪೈಪ್, ಅಷ್ಟೇ. ಒಂದು ತುದಿ ನಮ್ಮ ಗೇಟಿನ ಹತ್ತಿರ ನಾನು ಹಿಡಿದೆ, ಇನ್ನೊಂದು ತುದಿಯನ್ನು ಅಣ್ಣನ ಮಗಳು ಹಿಡಿದು ಮುಂದೆ ಹೋದಳು. ಒಳಗೆ ಗಾಳಿ ಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ ಅಂತ ಅಣ್ಣ ಬೆರಳಿನಿಂದ ಪೈಪ್ ತಟ್ಟಿ ತಟ್ಟಿ ಗುಳ್ಳೆ ಹೊರಡಿಸಿದರು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಟೇಪ್ ಹಿಡಿದು ಅಳೆಯುವುದು. ಹೀಗೆ ಐದು ಸಲ ಹಿಡಿದು ಮೇನ್ ರೋಡ್ ಕೆಳಗಿನ ಸಿಮೆಂಟ್ ಪೈಪಿನವರೆಗೆ ಹೋದೆವು.

ಆ ಪೈಪಿನ ತಳ ನಮ್ಮ ಗೇಟಿಗಿಂತ 14 ಇಂಚು ಕೆಳಗಿದೆ. ಇಳಿಜಾರು ಇದೆ! ನೀರು ಹೋಗಬೇಕಿತ್ತು. ಹೋಗುತ್ತಿಲ್ಲ ಯಾಕೆಂದರೆ ಪೈಪಿನ ಬಾಯಿ ಕಟ್ಟಿದೆ. ಒಳಗೆ ಹೂಳು, ಬಣ್ಣದ ಡಬ್ಬಿ, ಹಾಲಿನ ಪ್ಯಾಕೆಟ್, ಯಾವುದೋ ಮದುವೆ ಮಂಟಪದ ಬಟ್ಟೆ. ಆಚೆ ಬದಿಯಲ್ಲಿ ನಾಲಾ ಇರಬೇಕಾದ ಜಾಗದಲ್ಲಿ ಒಡೆದ ಮನೆಯ ರದ್ದಿ ಸುರಿದಿದ್ದಾರೆ. ಇಟ್ಟಿಗೆ ಚೂರು, ಹಸಿರು ಟೈಲ್ಸ್. ಎರಡು ಟ್ರ್ಯಾಕ್ಟರ್ ಆಗುವಷ್ಟು.

ಪ್ಲಾಟ್ 27, ಎರಡನೇ ಕ್ರಾಸ್
ಯಾರು ಸುರಿದದ್ದು? ಫೋಟೋ ಹಾಕಿ, ಕಂಪ್ಲೇಂಟ್ ಕೊಡೋಣ.

ಪ್ಲಾಟ್ 19 (ಭಾನುವಾರ, ಮಧ್ಯಾಹ್ನ 2:40)
ಆ ಹಸಿರು ಟೈಲ್ಸ್ ನಮ್ಮ ಹಳೆ ಬಚ್ಚಲಿನವು. ರದ್ದಿ ಒಯ್ದು ಹಾಕು ಅಂತ ಟ್ರ್ಯಾಕ್ಟರಿನವನಿಗೆ ದುಡ್ಡು ಕೊಟ್ಟಿದ್ದೆ. ಎಲ್ಲಿ ಹಾಕಿದ ಅಂತ ಕೇಳಲಿಲ್ಲ. ಅಕ್ಕಾ, ನಿಮ್ಮ ಅಡುಗೆಮನೆ ವಿಷಯಕ್ಕೆ ಆವತ್ತು ಮಾತು ಜಾಸ್ತಿ ಆಯಿತು. ಜೆಸಿಬಿ ಬಾಡಿಗೆ ನಾನು ಕೊಡುತ್ತೇನೆ, ನಾಳೆಯೇ ಕರೆಸುತ್ತೇನೆ.

ಪ್ಲಾಟ್ 4, ಸರ್ವೆ ಕಾಕಾ
ತಮ್ಮಾ, ಹೇಳಿದ್ದು ಒಳ್ಳೆಯದಾಯಿತು. ಆದರೆ ಜೆಸಿಬಿ ತಡಿ. ನಿಮ್ಮ ರದ್ದಿಯನ್ನು ಟ್ರ್ಯಾಕ್ಟರಿನಲ್ಲಿ ತೆಗೆಸಿ, ಪೈಪಿನ ಬಾಯಿ ಆಳು ಹಚ್ಚಿ ಬಿಡಿಸಿ, ಯಾರೂ ಬೇಡ ಅನ್ನುವುದಿಲ್ಲ. ನಾಲಾ ಅಗೆಯಲು ಹೋದರೆ ಮಾತ್ರ ಪಕ್ಕದ ಹೊಲದವರು ನಮ್ಮ ಬದುವು ಕಡಿದರು ಅಂತ ಎದುರು ನಿಲ್ಲುತ್ತಾರೆ. ಮೊದಲು ಅಳತೆ ಮಾಡಿ ಗುರುತು ಹಾಕಿ ಕೊಡಿ ಅಂತ ಎಲ್ಲರೂ ಸೇರಿ ಅರ್ಜಿ ಕೊಡೋಣ. ಸ್ವೀಕೃತಿ ಸೀಲ್ ಇಲ್ಲದೆ ಕೌಂಟರ್ ಬಿಡಬೇಡಿ. ಹೋದ ವರ್ಷ ಬಾಯಿಮಾತಲ್ಲಿ ಹೇಳಿ ಬಂದದ್ದು ಏನಾಯಿತು ಗೊತ್ತಲ್ಲ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಲೇಔಟಿನ ಮಂಜೂರಾದ ನಕ್ಷೆ ಕೇಳೋಣ. ಗಟಾರ ಎಲ್ಲಿಗೆ ಸೇರಬೇಕು ಅಂತ ಅದರಲ್ಲಿ ಇರಲೇಬೇಕು. ಪ್ಲಾಟ್ ಮಾರಿದವರು ನಮಗೆ ತೋರಿಸಿದ್ದು ಬಣ್ಣದ ಕಾಗದ, ಅದು ನಕ್ಷೆಯಲ್ಲ. 10 ರೂಪಾಯಿ ಶುಲ್ಕ, 150 ಪದದ ಒಳಗೆ, ಒಂದೇ ವಿಷಯ. 30 ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲಿ ಸಿಟ್ಟು ಬರೆಯಬೇಡಿ, ನಕ್ಷೆ ಮಾತ್ರ ಕೇಳಿ.

ಪ್ಲಾಟ್ 31, ಟೀಚರ್
ಎರಡೂ ಅರ್ಜಿ ನಾನು ಬರೆಯುತ್ತೇನೆ ಕಾಕಾ, ನೀವು ಒಮ್ಮೆ ತಿದ್ದಿಕೊಡಿ. ಪಟ್ಟಿ ಮನೆಗೆ 200 ಸಾಕು, ಆಳಿನ ಕೂಲಿಗೆ. ಮುರುಮ್‌ಗೆ ಒಂದು ರೂಪಾಯಿಯೂ ಬೇಡ.

ಪ್ಲಾಟ್ 12, ಗೌಂಡಿ ಅಣ್ಣ
ಪೈಪಿನ ಬಾಯಿಗೆ ಕಬ್ಬಿಣದ ಜಾಳಿಗೆ ಕೂರಿಸಿಕೊಡುತ್ತೇನೆ. ಕೂಲಿ ಬೇಡ, ಸಾಮಾನು ಕೊಡಿಸಿ. ವಾರಕ್ಕೊಮ್ಮೆ ಯಾರಾದರೂ ಕಸ ತೆಗೆಯಬೇಕು. ಸರದಿ ಮಾಡಿಕೊಳ್ಳಿ.

ಪ್ಲಾಟ್ 8
ಮೊದಲ ವಾರ ನನ್ನದು. ನಗುನಗುತ್ತಾ ತೆಗೆಯುತ್ತೇನೆ.

ಪ್ಲಾಟ್ 27, ಎರಡನೇ ಕ್ರಾಸ್
ಬಾಡಿಗೆಯವರು ಅರ್ಜಿಗೆ ಸಹಿ ಹಾಕಬಹುದಾ?

ಪ್ಲಾಟ್ 4, ಸರ್ವೆ ಕಾಕಾ
ನೀರು ನಿಮ್ಮ ಮನೆಗೆ ಬರುವಾಗ ಬಾಡಿಗೆಯವರಾ ಅಂತ ಕೇಳಿತ್ತಾ? ಹಾಕವ್ವಾ.

ಕಿರಾಣಿ ಅಂಗಡಿ ಕಾಕಾ
ಅರ್ಜಿ ಸಂಜೆಯಿಂದ ಅಂಗಡಿಯಲ್ಲಿ ಇಟ್ಟಿರುತ್ತೇನೆ. ಪೆನ್ನಿಗೆ ದಾರ ಕಟ್ಟಿದ್ದೇನೆ, ಒಯ್ಯಬೇಡಿ. ಒಂಬತ್ತಕ್ಕೆ ಬಾಗಿಲು ಹಾಕುತ್ತೇನೆ.